ಮೊಸರು ಯಾರ ಲೆಕ್ಕಕ್ಕೆ?

ಅಕ್ಕನ ಮಗಳು ಜರ್ಮನಿಗೆ ಹೋಗಿ ಐದು ತಿಂಗಳಾಯಿತು. ಒಂದು ಮನೆಯಲ್ಲಿ ಉಳಿದುಕೊಂಡು, ಅವರ ಇಬ್ಬರು ಮಕ್ಕಳನ್ನು ನೋಡಿಕೊಳ್ಳುತ್ತಾ ಭಾಷೆ ಕಲಿಯುವ ‘ಓಪೇರ್’ ವ್ಯವಸ್ಥೆ ಅದು. ಮೊನ್ನೆ ರಾತ್ರಿ ಫೋನ್ ಮಾಡಿ ಅತ್ತಳು.

“ಚಿಕ್ಕಮ್ಮ, ನಾನು ಮೊಸರು ಜಾಸ್ತಿ ತಿನ್ನುತ್ತೇನಾ?”

ಮನೆಯೊಡತಿ ಬೈದಿರಲಿಲ್ಲ. ಫ್ರಿಜ್ ತೆರೆದು, “ಮತ್ತೆ ಖಾಲಿಯಾಯಿತೇ?” ಎಂದಿದ್ದರು, ಅಷ್ಟೇ. ಇವಳು ಮರುದಿನದಿಂದ ತನ್ನ ದುಡ್ಡಿನಲ್ಲಿ ಮೊಸರು ತಂದು ಕೋಣೆಯ ಕಿಟಕಿಯಾಚೆಯ ಚಳಿಯಲ್ಲಿ ಇಟ್ಟುಕೊಳ್ಳತೊಡಗಿದ್ದಳು.

ನಗು ಬರಲಿಲ್ಲ. 1993ರಲ್ಲಿ ನಾನು ಪಾವಗಡದ ಕಡೆಯ ಹಳ್ಳಿಯಿಂದ ಪಿಯುಸಿ ಓದಲು ತುಮಕೂರಿನ ಮಾವನ ಮನೆಗೆ ಬಂದವಳು. ಅಣ್ಣನಿಗೆ ಸಿದ್ಧಗಂಗಾ ಮಠವಿತ್ತು: ಊಟ, ವಸತಿ, ಓದು ಎಲ್ಲವೂ ಉಚಿತ, ಯಾರ ಮುಖ ನೋಡಿ ತಟ್ಟೆ ಚಾಚಬೇಕಾಗಿರಲಿಲ್ಲ. ನನಗೆ ಮಾವನ ಮನೆ. ಬೆಳಿಗ್ಗೆ ಕಾಲೇಜು, ಸಂಜೆ ಅವರ ಮಕ್ಕಳಿಗೆ ಪಾಠ, ಊಟ, ನಿದ್ದೆ ಮಾಡಿಸುವುದು. ದಿನಸಿ ಅಂಗಡಿಗೆ ಹೋಗುತ್ತಿದ್ದವಳೂ ನಾನೇ. ಕೆಂಪು ರಟ್ಟಿನ ಉದ್ದ ಪುಸ್ತಕದಲ್ಲಿ ಬರೆಸಿಕೊಂಡು ಬಂದರಾಯಿತು, ತಿಂಗಳ ಕೊನೆಗೆ ಮಾವ ಚುಕ್ತಾ ಮಾಡುತ್ತಿದ್ದರು.

ಒಂದು ಸಲ ಪುಸ್ತಕ ಓದುತ್ತಾ ಅವರ ಬೆರಳು ನಿಂತಿತು. “ಶಾಂಪೂ ಪ್ಯಾಕೆಟ್, ನಾಲ್ಕು. ಇದು ಯಾರು ತಂದದ್ದು?” ಆ ಮನೆಯಲ್ಲಿ ಎಲ್ಲರದೂ ಸೀಗೆಕಾಯಿ. ಅತ್ತೆ ಮುದ್ದೆ ತೊಳಸುತ್ತಿದ್ದವರು ಕೋಲು ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಮಾವ ಸಿಟ್ಟಾಗಿ ಕೇಳಿರಲಿಲ್ಲ, ಲೆಕ್ಕ ಕೇಳಿದ್ದರು. ಆದರೆ ಓದು ಮುಗಿಯುವವರೆಗೆ ನಾನು ಅಂಗಡಿಯವನಿಗೆ ನನಗಾಗಿ ಏನನ್ನೂ ಬರೆಯಲು ಹೇಳಲಿಲ್ಲ. ಪೆನ್ನಿನ ರೀಫಿಲ್ಲು ಮುಗಿದರೆ ಅಣ್ಣ ಬರುವ ಭಾನುವಾರಕ್ಕೆ ಕಾಯುತ್ತಿದ್ದೆ.

ದಾಕ್ಷಿಣ್ಯಕ್ಕೆ ಬಸುರಾದರೆ ಹೆರಲು ಜಾಗವಿಲ್ಲ ಎಂದು ಸುಮ್ಮನೆ ಹೇಳಿಲ್ಲ. “ನಮ್ಮ ಮನೆಯವಳೇ ಅಂದುಕೋ” ಎಂಬ ಮಾತಿನಷ್ಟು ಅಪಾಯದ ಮಾತು ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಮನೆಯವಳಾದರೆ ಲೆಕ್ಕ ಕೇಳಬಾರದು, ಕೆಲಸದವಳಾದರೆ ಸಂಬಳ ಕೊಡಬೇಕು. ಇವೆರಡರ ನಡುವೆ ನಿಂತವಳು ಪ್ರತಿ ಲೋಟ ಹಾಲಿಗೂ ಅಳುಕುತ್ತಾಳೆ.

ಓಪೇರ್ ಎಂಬ ಫ್ರೆಂಚ್ ಮಾತಿಗೆ ‘ಸರಿಸಮನಾಗಿ’ ಎಂದು ಅರ್ಥ. ಯುರೋಪಿನ ದೇಶಗಳು 1969ರಷ್ಟು ಹಿಂದೆಯೇ ಸ್ಟ್ರಾಸ್‌ಬರ್ಗ್‌ನಲ್ಲಿ ಇದಕ್ಕೊಂದು ಒಪ್ಪಂದ ಮಾಡಿಕೊಂಡವು. ಜರ್ಮನಿಯ ನಿಯಮದಲ್ಲಿ ಊಟ, ಪ್ರತ್ಯೇಕ ಕೋಣೆ, ವಿಮೆ ಮನೆಯವರದು. ತಿಂಗಳಿಗೆ 280 ಯೂರೊ ಕೈಖರ್ಚು, ಭಾಷಾ ತರಗತಿಗೆ 70 ಯೂರೊ. ಕೆಲಸ ವಾರಕ್ಕೆ 30 ಗಂಟೆ ಮೀರುವಂತಿಲ್ಲ. ಹಾಗಾದರೆ ಊಟದೊಳಗೆ ಬರುವ ಮೊಸರಿಗೆ ಇವಳೇಕೆ ದುಡ್ಡು ಕೊಡಬೇಕು? ಅದನ್ನೇ ಹೇಳಿದೆ. “ಹೇಗೆ ಕೇಳಲಿ ಚಿಕ್ಕಮ್ಮ, ನಾಚಿಕೆ” ಎಂದಳು. ನಮ್ಮ ಅಕ್ಕನಿಗೋ ಆ 280 ಯೂರೊ ಸಂಬಳ. ರೂಪಾಯಿಗೆ ಬದಲಿಸಿ ಲೆಕ್ಕ ಹಾಕಿ, ಚೀಟಿಗೆ ಸೇರೋಣ, ಪ್ರತಿ ತಿಂಗಳೂ ಕಳಿಸು ಎನ್ನುತ್ತಾಳೆ. ಹುಡುಗಿ ಅಲ್ಲಿ ಬಸ್ಸಿಗೂ ಬೂಟಿಗೂ ಏನು ಮಾಡಬೇಕು?

ಹಾಗೆಂದು ತಪ್ಪೆಲ್ಲ ಆ ಮನೆಯವರದೇ ಎನ್ನಲಾರೆ. ಮಕ್ಕಳ ಖರ್ಚಿಗೆಂದು ಅಡುಗೆಮನೆಯ ಡಬ್ಬಿಯಲ್ಲಿ ನೋಟು ಇಟ್ಟಿರುತ್ತಾರಂತೆ. ಖರ್ಚು ಮಾಡಿದ ಮೇಲೆ ಬಿಲ್ಲನ್ನು ಅದೇ ಡಬ್ಬಿಗೆ ಹಾಕಬೇಕು. ಇವಳು ಉದ್ಯಾನಕ್ಕೆ ಹೋದಾಗ ಮಕ್ಕಳೊಂದಿಗೆ ತಾನೂ ಐಸ್‌ಕ್ರೀಮ್ ತಿಂದು, ಜೊತೆಗಿದ್ದ ಗೆಳತಿಗೂ ಕೊಡಿಸಿ, ಬಿಲ್ಲು ಕಳೆಯಿತು ಎಂದಿದ್ದಾಳೆ. ಗೆಳತಿಯ ಐಸ್‌ಕ್ರೀಮ್ ಆ ಡಬ್ಬಿಯದಲ್ಲ ಎಂದು ಗದರಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮಾವ ಮೊದಲ ದಿನವೇ “ಸೋಪು, ಶಾಂಪೂ, ಪುಸ್ತಕಕ್ಕೆ ತಿಂಗಳಿಗೆ ಇಷ್ಟು, ಅದರ ಮೇಲೆ ಬೇಡ” ಎಂದಿದ್ದರೆ ನಾನು ಇಪ್ಪತ್ತು ರೂಪಾಯಿಯಲ್ಲಿ ರಾಣಿಯಂತೆ ಇರುತ್ತಿದ್ದೆ. ಮೊತ್ತ ಚಿಕ್ಕದಿದ್ದರೂ ಅದು ನನ್ನದು ಎಂದು ಗೊತ್ತಿರುತ್ತಿತ್ತು. ಅವರಿಗೂ ಬೆರಳು ನಿಲ್ಲಿಸುವ ಮುಜುಗರ ತಪ್ಪುತ್ತಿತ್ತು.

ಕೊನೆಗೆ ಭಾನುವಾರ ಮೂವರೂ ಕೂತು ಮಾತಾಡಿದರಂತೆ. ಫ್ರಿಜ್ ಬಾಗಿಲಿಗೆ ಅಂಟಿಸಿದ ಹಾಳೆಯ ಚಿತ್ರ ಕಳಿಸಿದ್ದಾಳೆ. ಮೊಸರು, ಅಕ್ಕಿ, ಮಕ್ಕಳೊಂದಿಗೆ ಹೊರಗೆ ಹೋದಾಗಿನ ಟಿಕೆಟ್ಟು ಮನೆಯ ಲೆಕ್ಕಕ್ಕೆ. ಶಾಂಪೂ, ಮೊಬೈಲ್, ಗೆಳತಿಯರು ಇವಳ ಲೆಕ್ಕಕ್ಕೆ. ನಾನು ಇಲ್ಲಿಂದ ಕಳಿಸುವ ಮಾವಿನ ಮಿಡಿ ಉಪ್ಪಿನಕಾಯಿಗೆ ಯಾವ ಸಾಲೂ ಇಲ್ಲ. ಮನೆಯೊಡೆಯ ಅದನ್ನು ಬ್ರೆಡ್ಡಿಗೆ ಹಚ್ಚಿಕೊಂಡು ಅರ್ಧ ಡಬ್ಬಿ ಮುಗಿಸಿದ್ದಾರಂತೆ.