ಎರಡು ಹಗ್ಗ, ಒಂದೇ ಗಾಳಿ

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಆಷಾಢವೆಂದರೆ ಬಟ್ಟೆ ಒಣಗದ ತಿಂಗಳು. ಅಂಗಳದ ಹಗ್ಗ ಮಳೆ ಹಿಡಿದ ವಾರದಲ್ಲೇ ಜಗಲಿಗೆ ಬರುತ್ತದೆ, ಜಗಲಿಯಿಂದ ನಡುಮನೆಗೆ, ಅಲ್ಲಿಂದ ಬಚ್ಚಲೊಲೆಯ ಮೇಲಕ್ಕೆ. ಕೊನೆಗೆ ಮೈಗೆ ಹಾಕಿಕೊಳ್ಳುವ ಅಂಗಿಯಲ್ಲಿ ಸೋಪಿಗಿಂತ ಹೊಗೆಯ ವಾಸನೆಯೇ ಮುಂದಾಗಿರುತ್ತದೆ. ಅದೇ ಆಷಾಢದಲ್ಲಿ ಒಮ್ಮೆ ಚಳ್ಳಕೆರೆಯ ಅಕ್ಕನ ಮನೆಯ ತಾರಸಿಯಲ್ಲಿ ಪಂಚೆಯೊಂದನ್ನು ಹಿಂಡಿ ಹರವಿದ್ದೆ. ಊಟ ಮುಗಿಸಿ ಬರುವಷ್ಟರಲ್ಲಿ ಅದು ಹಪ್ಪಳದಂತೆ ಗರಿಗರಿಯಾಗಿತ್ತು. ಕ್ಲಿಪ್ಪು ಹಾಕದ ಟವೆಲ್ಲು ಪಕ್ಕದ ಮನೆಯವರ ನುಗ್ಗೆ ಮರ ಸೇರಿತ್ತು.

ಸಂಜೆ ಫೋನಿನಲ್ಲಿ ಅಮ್ಮನಿಗೆ ಇದನ್ನು ಹೇಳಿದರೆ, "ಅಲ್ಲಿಯ ಗಾಳಿ ಒಂಚೂರು ಇಲ್ಲಿಗೆ ಕಳಿಸು ಮಾರಾಯ" ಎಂದರು. ಆದರೆ ಆ ಗಾಳಿ ಬಂದದ್ದೇ ಅಮ್ಮನ ಮನೆಯ ಕಡೆಯಿಂದ.

ಅರಬ್ಬೀ ಸಮುದ್ರದ ಮೇಲೆ ಸಾವಿರಾರು ಕಿಲೋಮೀಟರ್ ಸಾಗಿ, ದಾರಿಯುದ್ದಕ್ಕೂ ಆವಿಯನ್ನು ಹೀರಿಕೊಂಡು ಬರುವ ನೈಋತ್ಯದ ಗಾಳಿಗೆ ಕರಾವಳಿ ದಾಟಿದೊಡನೆ ಘಟ್ಟ ಎದುರಾಗುತ್ತದೆ. ಮೋಡಗಳು ಬೆಟ್ಟಕ್ಕೆ ಡಿಕ್ಕಿ ಹೊಡೆದು ಒಡೆದು ಮಳೆಯಾಗುತ್ತವೆ ಎಂದು ಚಿಕ್ಕಂದಿನಲ್ಲಿ ನಾನು ನಂಬಿದ್ದೆ. ಒಡೆಯುವ ಮಾತು ಸುಳ್ಳು. ಬಹುಪಾಲು ಮೋಡ ಹುಟ್ಟುವುದೇ ಅಲ್ಲಿ. ಮೇಲೇರಿದಂತೆ ತಲೆಯ ಮೇಲಿನ ಗಾಳಿಯ ಭಾರ ಕಡಿಮೆಯಾಗುವುದರಿಂದ ಏರುವ ಗಾಳಿ ಹಿಗ್ಗುತ್ತದೆ, ಹಿಗ್ಗುವ ಕೆಲಸಕ್ಕೆ ತನ್ನದೇ ಶಾಖವನ್ನು ಖರ್ಚು ಮಾಡಿ ತಣ್ಣಗಾಗುತ್ತದೆ, ತಣ್ಣಗಾದ ಮೇಲೆ ಆವಿ ಹನಿಗಟ್ಟದೆ ವಿಧಿಯಿಲ್ಲ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಮುಟ್ಟಿ ನೋಡಿದವರಿಗೆ ಇದರ ತಿರುವುಮುರುವು ಪರಿಚಿತ.

ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟುವ ಮಳೆ, ಅಲ್ಲಿಂದ ಇನ್ನೂರು ಕಿಲೋಮೀಟರ್ ಆಚೆಯ ಚಳ್ಳಕೆರೆಯಲ್ಲಿ ಐನೂರರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಘಟ್ಟದಲ್ಲೇ ಹೊರೆ ಇಳಿಸಿದ ಗಾಳಿ, ಪೂರ್ವಕ್ಕೆ ಇಳಿಯುವಾಗ ಮತ್ತೆ ಅದುಮಿಸಿಕೊಂಡು ಬಿಸಿಯಾಗುತ್ತದೆ. ಬಿಸಿಯಾದಷ್ಟೂ ಅದರ ನೀರಡಿಕೆ ಹೆಚ್ಚು. ಇದಕ್ಕೆ 'ಮಳೆ ನೆರಳು' ಎಂದು ಹೆಸರಿಟ್ಟವರಿಗೆ ಕವಿಹೃದಯವಿತ್ತು, ಬಟ್ಟೆ ಒಗೆಯುವ ಅಭ್ಯಾಸವಿತ್ತೋ ಇಲ್ಲವೋ. ಬಯಲುಸೀಮೆಗೆ ಮಳೆ ತಲುಪದಿದ್ದರೂ ಗಾಳಿಯ ರಭಸ ತಲುಪುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಆಷಾಢದಲ್ಲಿ ಬಿಡುವಿಲ್ಲದೆ ತಿರುಗುವುದನ್ನು ಬಸ್ಸಿನ ಕಿಟಕಿಯಿಂದಲೇ ನೋಡಬಹುದು.

ಅಮ್ಮನ ಉಪ್ಪಿನ ಭರಣಿಗೆ ಇದೆಲ್ಲ ಮೊದಲೇ ತಿಳಿದಿರುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ, ಅಂದರೆ ಅದು ಹೊರಬಲ್ಲ ಆವಿಯಲ್ಲಿ ಆಗಲೇ ತುಂಬಿಕೊಂಡಿರುವ ಪಾಲು, ಶೇಕಡ 75ನ್ನು ಮೀರಿತೆಂದರೆ ಉಪ್ಪು ತಾನಾಗಿ ನೀರೂರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅದು ಪುಡಿಯಾಗಿ ಉದುರಿದ ನೆನಪು ನನಗಿಲ್ಲ. ತುಂಬಿದ ಬಸ್ಸಿನಂಥ ಆ ಗಾಳಿಯಲ್ಲಿ ನಮ್ಮ ಪಂಚೆಯ ನೀರಿಗೆ ಜಾಗವೆಲ್ಲಿ?

ಜಾಗ ಸಿಕ್ಕರೂ ಪ್ರಯಾಣ ಅಗ್ಗವಲ್ಲ. ಒಂದು ಲೀಟರ್ ನೀರು ಹಗ್ಗದ ಮೇಲಿಂದ ಆವಿಯಾಗಿ ಹೋಗಲು ಬೇಕಾಗುವ ಶಾಖದಲ್ಲಿ ಏಳು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಹುದು. ಆ ಶಾಖ ನಾಶವಾಗುವುದಿಲ್ಲ. ಆವಿಯೊಳಗೆ ಅಡಗಿ ಕುಳಿತು, ಎಲ್ಲೋ ಆಕಾಶದಲ್ಲಿ ಹನಿಗಟ್ಟುವಾಗ ಹೊರಬಿದ್ದು, ಮೋಡವನ್ನು ಇನ್ನಷ್ಟು ಮೇಲಕ್ಕೆ ನೂಕುತ್ತದೆ. ಚಂಡಮಾರುತಗಳು ಉಂಡು ಬೆಳೆಯುವುದೂ ಇದನ್ನೇ. ಕೈಗಾರಿಕೆಗಳಿಗಿಂತ ಹಿಂದೆ ಹತ್ತು ಲಕ್ಷಕ್ಕೆ ಸುಮಾರು 280 ಭಾಗವಿದ್ದ ಇಂಗಾಲದ ಡೈಆಕ್ಸೈಡ್ ಈಗ 420ನ್ನು ದಾಟಿದೆ, ಗಾಳಿ ಬಿಸಿಯೇರುತ್ತಿದೆ. ಒಂದು ಡಿಗ್ರಿ ಬಿಸಿಯೇರಿದರೆ ಅದು ಸುಮಾರು ಶೇಕಡ 7ರಷ್ಟು ಹೆಚ್ಚು ಆವಿಯನ್ನು ಹೊರಬಲ್ಲದು. ಇಂಥ ಗಾಳಿ ಸುರಿದರೆ ಒಮ್ಮೆಲೇ ಸುರಿಯುತ್ತದೆ, ಹೀರಿದರೆ ಹೊಲದ ತೇವವನ್ನೂ ಬಿಡುವುದಿಲ್ಲ. ಎರಡೂ ಊರಿನವರು ಇದನ್ನು ಬೇರೆ ಬೇರೆ ಮಾತಿನಲ್ಲಿ ದೂರುತ್ತಾರೆ.

ಒಣ ಸೀಮೆಯ ಹುಲ್ಲು ಮೇಯುವ ಕುರಿಗಳಿಂದಾಗಿ ಚಳ್ಳಕೆರೆ ಕಂಬಳಿಗೆ ಹೆಸರಾಯಿತು. ನಾನು ಚಿಕ್ಕವನಿದ್ದಾಗ ಮಳೆ ಹಿಡಿಯುವ ಮೊದಲು ಬಯಲುಸೀಮೆಯಿಂದ ಕಂಬಳಿ ಮಾರುವವರು ನಮ್ಮ ಊರಿಗೆ ಬರುತ್ತಿದ್ದರು. ಅಜ್ಜ ಅದನ್ನು ಕೊಪ್ಪೆ ಮಾಡಿ ತಲೆಗೇರಿಸಿಕೊಂಡು ಗದ್ದೆಗೆ ಇಳಿಯುತ್ತಿದ್ದರು. ಉಣ್ಣೆ ತನ್ನ ತೂಕದ ಮೂರನೇ ಒಂದರಷ್ಟು ಆವಿಯನ್ನು ಕುಡಿದೂ ಕೈಗೆ ಒದ್ದೆಯೆನಿಸುವುದಿಲ್ಲ. ಅಜ್ಜನ ಕಂಬಳಿ ಆ ಮಿತಿಯನ್ನು ಮಧ್ಯಾಹ್ನದೊಳಗೆ ದಾಟಿ, ಸಂಜೆ ಬಚ್ಚಲೊಲೆಯ ಮೇಲೆ ನಮ್ಮ ಅಂಗಿಗಳನ್ನೆಲ್ಲ ಬದಿಗೆ ಸರಿಸಿ ತೂಗುತ್ತಾ, ಮನೆಯಿಡೀ ಕುರಿಯ ವಾಸನೆ ಹರಡುತ್ತಿತ್ತು.