ದನಿಗಿಂತ ಮೊದಲು ಧಾಟಿ

ನಿಮ್ಮ ಲೇಖನದಲ್ಲಿ, ಸಂಗೀತ ನಿರ್ದೇಶಕ ಅಣ್ಣತಮ್ಮಂದಿರಾದ ರಾಜನ್-ನಾಗೇಂದ್ರ ಅವರ ಹಾಡುಗಳು ಇವತ್ತಿಗೂ ಉಳಿದಿರುವುದು "ಎಸ್‌ಪಿಬಿ ಮತ್ತು ಜಾನಕಿ ಅವರ ದನಿಯಿಂದ" ಎಂದು ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಆ ಇಬ್ಬರ ಮೇಲೆ ನನಗೂ ಪ್ರಾಣ. ಆದರೆ 1974ರ 'ಎರಡು ಕನಸು' ಚಿತ್ರ ತೆಗೆದುಕೊಳ್ಳಿ. 'ಎಂದೆಂದೂ ನಿನ್ನನು ಮರೆತು' ಹಾಡಿದ್ದು ಪಿ.ಬಿ. ಶ್ರೀನಿವಾಸ್ ಮತ್ತು ವಾಣಿ ಜಯರಾಂ. ಆ ಹಾಡಿನಲ್ಲಿ ಎಸ್‌ಪಿಬಿಯೂ ಇಲ್ಲ, ಜಾನಕಿಯೂ ಇಲ್ಲ. ಎರಡೇ ವರ್ಷಕ್ಕೆ 'ನಾ ನಿನ್ನ ಮರೆಯಲಾರೆ' ಬಂತು, ಅಲ್ಲಿ ರಾಜ್‌ಕುಮಾರ್ ತಾವೇ ಹಾಡಿದರು. ಅದೇ 1976ರ 'ಬಯಲು ದಾರಿ'ಯಲ್ಲಿ ಎಸ್‌ಪಿಬಿ. ಮೂರು ಬೇರೆ ಬೇರೆ ಗಂಡು ದನಿ, ಮೂರೂ ಮನಸ್ಸಿನಲ್ಲಿ ಕೂತಿವೆ. ಹಾಗಾದರೆ ಇವುಗಳಲ್ಲಿ ಬದಲಾಗದೆ ಉಳಿದದ್ದು ಯಾವುದು? ಧಾಟಿ, ಅಲ್ವಾ?

ಈ ವಾರ ನಮ್ಮ ಮನೆಯಲ್ಲಿ 'ಎರಡು ಕನಸು' ಹಾಡುಗಳೇ ಓಡುತ್ತಿವೆ. ಮಗಳಿಗೆ ಸಾಹಿತ್ಯ ಒಂದು ಸಾಲೂ ಬರುವುದಿಲ್ಲ. ಆದರೂ ಪಾತ್ರೆ ಒರೆಸುತ್ತಾ 'ತಂ ನಂ ತಂ ನಂ' ಪೂರ್ತಿ ಗುನುಗುತ್ತಾಳೆ, ಚರಣಗಳ ನಡುವಿನ ವಾದ್ಯದ ತುಣುಕುಗಳನ್ನೂ ಬಿಡದೆ! ಆ ತುಣುಕುಗಳನ್ನು ಸುಮ್ನೆ ಜಾಗ ತುಂಬಲು ಹಾಕಿದ್ದಲ್ಲ. ಪಲ್ಲವಿ ಮುಗಿದ ಮೇಲೆ ಮುಂದಿನ ಸಾಲಿಗೆ ನಮ್ಮನ್ನು ಕೈ ಹಿಡಿದು ಕರೆದೊಯ್ಯುವುದೇ ಅವು. ಈಗ ಬರುವ ಎಷ್ಟೋ ರೀಮಿಕ್ಸ್‌ಗಳಲ್ಲಿ ಮೊದಲು ಕತ್ತರಿ ಬೀಳುವುದೂ ಅಲ್ಲಿಗೇ. ನನಗೆ ಜಾಸ್ತಿ ನೋವಾಗುವುದು ಅದಕ್ಕೆ.

ಗಾಯಕರ ಬಗ್ಗೆ ಬರೆದಷ್ಟೇ ಪ್ರೀತಿಯಿಂದ ಮೈಸೂರಿನ ಆ ಅಣ್ಣತಮ್ಮಂದಿರ ಸಂಯೋಜನೆ ಬಗ್ಗೆಯೂ ಒಂದು ಲೇಖನ ಬರೆಯಿರಿ, ದಯವಿಟ್ಟು.