ಇನ್ನೂ ಏಳು ನಿಮಿಷ ಕೂರಕ್ಕಾಗ್ಲಿಲ್ವಾ?

ನಿನ್ನೆ ರಾತ್ರಿಯಿಂದ ತಲೆ ಕೆಟ್ಟಿದೆ. ಇಲ್ಲಿ ಬರೆದಾದರೂ ಹಗುರಾಗೋಣ ಅಂತ.

ಕುವೆಂಪುನಗರದ ನಮ್ಮ ಮನೆ ತಾರಸಿ ಮೇಲೆ ತಿಂಗಳಿಗೊಂದು ಸಿನಿಮಾ ಹಾಕುವುದು ನಿಮಗೆ ಗೊತ್ತೇ ಇದೆ. ಅಪ್ಪನ ಬಿಳಿ ಪಂಚೆಯೇ ಪರದೆ. ನಿನ್ನೆ ಹಾಕಿದ್ದು ಜಪಾನಿನ ‘ಒನ್ ಕಟ್ ಆಫ್ ದಿ ಡೆಡ್’. 2017ರದ್ದು, ಶಿನಿಚಿರೊ ಉಯೆಡಾ ನಿರ್ದೇಶನ. ಪಾಳು ಕಟ್ಟಡದಲ್ಲಿ ಝೋಂಬಿ ಸಿನಿಮಾ ತೆಗೆಯುತ್ತಿರುವವರ ಮೇಲೆ ನಿಜವಾದ ಝೋಂಬಿಗಳೇ ಬಂದು ಬೀಳುತ್ತವೆ. ಮೊದಲ 37 ನಿಮಿಷ ಒಂದೇ ಶಾಟ್. ಎಲ್ಲೂ ಕಟ್ ಇಲ್ಲ.

ಆ 37 ನಿಮಿಷ ಕೆಟ್ಟದಾಗಿದೆ. ಒಪ್ಪಿದೆ. ಹೊರಗೆ ಝೋಂಬಿ ಇದ್ದರೆ ಒಳಗೆ ಇವರು ‘ನಿಮ್ಮ ಹವ್ಯಾಸ ಏನು’ ಅಂತ ಹರಟುತ್ತಾರೆ. ಒಬ್ಬ ಸುಮ್ನೆ ಎದ್ದು ಹೊರಗೆ ಹೋಗುತ್ತಾನೆ. ಕ್ಯಾಮೆರಾ ನೆಲಕ್ಕೆ ಬಿದ್ದು ಹಾಗೇ ಇರುತ್ತದೆ. ಲೆನ್ಸ್ ಮೇಲೆ ರಕ್ತ ಚಿಮ್ಮಿದರೆ ಯಾರೋ ಒರೆಸುತ್ತಾರೆ!

ಬಂದಿದ್ದ ಒಂಬತ್ತು ಜನರಲ್ಲಿ ನಾಲ್ವರು ಮೂವತ್ತನೇ ನಿಮಿಷಕ್ಕೆ ಎದ್ದರು. ಚಪ್ಪಲಿ ಹುಡುಕುತ್ತಾ ಒಬ್ಬ, “ಏನ್ ಗುರು, ಕಾಲೇಜ್ ಹುಡುಗ್ರ ಶಾರ್ಟ್ ಫಿಲಂ ಥರ ಇದೆ” ಅಂದ. ಇನ್ನೊಬ್ಬ ಮೆಟ್ಟಿಲು ಇಳಿಯುವ ಮೊದಲೇ ಗ್ರೂಪಿನಲ್ಲಿ ತೀರ್ಪು ಹಾಕಿದ್ದ: ‘ಡಬ್ಬಾ’. ಏಳು ನಿಮಿಷ ಸ್ವಾಮಿ! ಏಳೇ ಏಳು! ಬಜ್ಜಿ ತಟ್ಟೆ ಖಾಲಿಯಾಗುವ ತನಕ ಮಾತ್ರ ಇವರ ಸಿನಿಮಾ ಪ್ರೀತಿ.

ಸಿನಿಮಾ ಶುರುವಾಗುವುದೇ ಆಮೇಲೆ. ಕಥೆ ಹಿಂದಕ್ಕೆ ಹೋಗಿ, ನಾವು ಆಗ ನೋಡಿದ 37 ನಿಮಿಷವನ್ನು ತೆಗೆದದ್ದು ಹೇಗೆ ಅಂತ ತೋರಿಸುತ್ತದೆ. ಟಿವಿಯಲ್ಲಿ ನೇರ ಪ್ರಸಾರ, ಒಂದೇ ಟೇಕ್, ತಪ್ಪಿದರೂ ನಿಲ್ಲಿಸುವಂತಿಲ್ಲ. ಎದ್ದು ಹೋದವನು ಸೌಂಡಿನವನು, ಪಾಪ, ಹೊಟ್ಟೆ ಕೆಟ್ಟಿದೆ. ಕ್ಯಾಮೆರಾ ಬಿದ್ದದ್ದು ಕ್ಯಾಮೆರಾಮನ್‌ಗೆ ಸೊಂಟ ಹಿಡಿದುಕೊಂಡಿದ್ದಕ್ಕೆ. ಒಬ್ಬ ನಟ ಕುಡಿದು ಮಲಗಿದ್ದಾನೆ. ಆಗ ನೋಡಿ ‘ಡಬ್ಬಾ’ ಅಂದದ್ದಕ್ಕೆಲ್ಲ ಈಗ ಬಿದ್ದು ಬಿದ್ದು ನಗುತ್ತೇವೆ. ಉಳಿದ ಐವರು ನಕ್ಕ ಸದ್ದಿಗೆ ಪಕ್ಕದ ಮನೆಯವರು ಲೈಟ್ ಹಾಕಿದರು.

ಕಾಲೇಜ್ ಹುಡುಗರ ಥರ ಇದೆಯಂತೆ. ಹೌದಪ್ಪ, ಹೆಸರೇ ಇಲ್ಲದ ಹೊಸ ನಟರನ್ನು ಇಟ್ಟುಕೊಂಡು ಸುಮಾರು 30 ಲಕ್ಷ ಯೆನ್‌ನಲ್ಲಿ ತೆಗೆದದ್ದು. ಗಳಿಸಿದ್ದು ಅದರ ಸಾವಿರ ಪಟ್ಟು.

ಬೆಳಗ್ಗೆ ಒಬ್ಬರು ಫೋನ್ ಮಾಡಿ, ಹಿಡಿಸದಿದ್ದರೆ ಎದ್ದು ಹೋಗುವ ಹಕ್ಕು ನೋಡುವವರಿಗೆ ಇದೆ ಅಂತ ವಾದಿಸಿದರು. ಇದೆ ಸಾರ್. ಹೋಗಿ. ಕೋಸಂಬರಿಗೇ ಎಲೆ ಬಿಟ್ಟು ಎದ್ದವರು ಪಾಯಸ ಚೆನ್ನಾಗಿರಲಿಲ್ಲ ಅನ್ನಬೇಡಿ, ಅಷ್ಟೆ.

ನನಗೆ ಯಾಕೆ ಇಷ್ಟು ಉರಿ ಅಂದರೆ, ಅಪ್ಪ. ಮೈಸೂರಲ್ಲಿ ಶೂಟಿಂಗ್ ನಡೆದಾಗಲೆಲ್ಲ ಸೆಟ್ ಬಡಗಿ ಕೆಲಸಕ್ಕೆ ಹೋಗುತ್ತಿದ್ದವರು. ಅರಮನೆ ಬಾಗಿಲನ್ನು ಪ್ಲೈವುಡ್‌ನಲ್ಲಿ ಎಬ್ಬಿಸುತ್ತಿದ್ದರು. ಸ್ಕೂಲಲ್ಲಿ ನಾನು ‘ನಮ್ಮಪ್ಪ ಸಿನಿಮಾದಲ್ಲಿದ್ದಾರೆ’ ಅಂತ ಮಾತ್ರ ಹೇಳುತ್ತಿದ್ದೆ. ಬಡಗಿ ಅನ್ನುತ್ತಿರಲಿಲ್ಲ. ಈಗ ನಾಚಿಕೆಯಾಗುತ್ತದೆ. 1989ರ ಫೆಬ್ರವರಿ 8ಕ್ಕೆ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಧಾರಾವಾಹಿ ಸೆಟ್ಟಿಗೆ ಬೆಂಕಿ ಬಿದ್ದು 62 ಜನ ಸತ್ತರಲ್ಲ, ಅವತ್ತು ಅಪ್ಪ ಬೇರೆ ಕೆಲಸಕ್ಕೆ ಶ್ರೀರಂಗಪಟ್ಟಣಕ್ಕೆ ಹೋಗಿದ್ದರು. ಹೀರೊ ಬದುಕಿದ್ದು ಊರಿಗೆಲ್ಲ ನೆನಪಿದೆ. ಸತ್ತವರಲ್ಲಿ ಒಬ್ಬರ ಹೆಸರು ಹೇಳಿ ನೋಡೋಣ. ನನಗೂ ಗೊತ್ತಿಲ್ಲ. ಅಪ್ಪನನ್ನು ಕೇಳಿಯೇ ಇಲ್ಲ.

ನಿನ್ನೆ ಅಪ್ಪ ಕೊನೆವರೆಗೂ ಕೂತಿದ್ದರು. ಕೊನೆಯಲ್ಲಿ ಮೇಲಿಂದ ಒಂದು ಶಾಟ್ ತೆಗೆಯಬೇಕು, ಕ್ರೇನ್ ಮುರಿದು ಹೋಗಿದೆ. ಯೂನಿಟ್ಟಿನವರೆಲ್ಲ ಒಬ್ಬರ ಬೆನ್ನ ಮೇಲೊಬ್ಬರು ಹತ್ತಿ ಗೋಪುರ ಕಟ್ಟುತ್ತಾರೆ. ನಮ್ಮ ಪಂಜಿನ ಕವಾಯತಿನಲ್ಲಿ ಬೈಕ್ ಮೇಲೆ ನಿಲ್ಲುತ್ತಾರಲ್ಲ, ಹಾಗೆ. (ಹೇಳಬಾರದಿತ್ತು. ಹೋಗಲಿ, ಎದ್ದು ಹೋದವರಿಗೆ ಇದೇ ಶಿಕ್ಷೆ.) ನಾನು ಕಣ್ಣು ಒರೆಸಿಕೊಳ್ಳುತ್ತಿದ್ದೆ. ಅಪ್ಪ ಅಂದರು, “ನಾಲ್ಕು ಸರ್ವೆ ಮರ ಇರ್ಲಿಲ್ವೇನೋ ಇವ್ರ ಹತ್ರ? ಅರ್ಧ ಗಂಟೇಲಿ ಅಟ್ಟ ಕಟ್ಟಿಕೊಡ್ತಿದ್ವಿ.”

ಬರುವ ಭಾನುವಾರ ಅದನ್ನೇ ಮತ್ತೆ ಹಾಕುತ್ತೇನೆ. ಆ ನಾಲ್ವರೂ ಬರಬೇಕು. ತಾರಸಿ ಬಾಗಿಲಿಗೆ ಹೊಸ ಚಿಲಕ ಹಾಕಿಸಿದ್ದೇನೆ. ಅದರ ಪಕ್ಕದಲ್ಲೇ ಅಪ್ಪ ಕೂತಿರುತ್ತಾರೆ.